ಚಿಟ್ಟೆಗೆ ಮಾಡಿದ ಟಚಿಂಗ್

ಹುಮನಾಬಾದಿನಿಂದ ಮಾಣಿಕನಗರದ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಫೋಟೋ ಸ್ಟುಡಿಯೋ ಇದೆ. ನಾನು ಹೇಳಹೊರಟಿರುವುದು ಹೋದ ವರ್ಷದ ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ ನಡೆದದ್ದು. ಆಗ ನಾನು ಕ್ಯಾಮೆರಾ ಹಿಡಿದು ಇಪ್ಪತ್ತಮೂರು ವರ್ಷವಾಗಿತ್ತು. ಅಂಗಡಿಯೊಳಗಿನ ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಶನ್, ಫ್ರೇಮಿನ ಕೆಲಸವೆಲ್ಲ ನಮ್ಮ ಮನೆಯವರದು. ಹೊರಗಿನ ಫೋಟೋಗ್ರಫಿ ಪೂರ್ತಿ ನನ್ನದು. ನಮ್ಮ ಭಾಗದಲ್ಲಿ ಮದುವೆಯ ದಿನ ಹೆಂಗಸರ ಕೋಣೆಗೆ ಗಂಡಸು ಫೋಟೋಗ್ರಾಫರನ್ನು ಬಿಟ್ಟುಕೊಳ್ಳದ ಮನೆಗಳು ಇಂದಿಗೂ ಇವೆ. ಅರಿಶಿಣಕ್ಕೆ, ಮೆಹಂದಿಗೆ, ನಿಕಾಹ್‌ನಲ್ಲಿ ಹೆಣ್ಣಿನ ಕಡೆಯ ಕೋಣೆಗೆ ನಾನೇ ಬೇಕು. ಅತ್ತ ಬಸವಕಲ್ಯಾಣ, ಇತ್ತ ಮನ್ನಾಏಖೇಳ್ಳಿ, ಈ ನಡುವೆ ನಾನು ಸೆರಗು ಸರಿಪಡಿಸದ ಮದುಮಗಳು ಕಡಿಮೆ ಎಂದು ಜಂಬದಿಂದಲೇ ಹೇಳುತ್ತೇನೆ. ಹೆಸರು ಮಹಾನಂದಾ. ಕರೆಯುವುದು ಮಾತ್ರ ಎಲ್ಲರೂ 'ಫೋಟೋದ ಅಕ್ಕ' ಎಂದೇ.

ನನ್ನ ಹೆಸರು ಹಬ್ಬಿದ್ದು ಫೋಟೋ ತೆಗೆಯುವುದಕ್ಕಿಂತ ಹೆಚ್ಚಾಗಿ ಟಚಿಂಗ್‌ನಿಂದ. ಟಚಿಂಗ್ ಎಂದರೆ ತೆಗೆದ ಫೋಟೋವನ್ನು ಕಂಪ್ಯೂಟರಿನಲ್ಲಿ ಹಾಕಿ ಕೂದಲೆಳೆಯಷ್ಟು ಸಣ್ಣ ಬ್ರಶ್ಶಿನಿಂದ ಮೊಡವೆ ಅಳಿಸುವುದು, ಕಣ್ಣ ಕೆಳಗಿನ ಕಪ್ಪು ತೆಗೆಯುವುದು, ಸೀರೆಗೆ ಹತ್ತಿದ ಅರಿಶಿಣದ ಕಲೆ ಮಾಯ ಮಾಡುವುದು. ಈ ಕೆಲಸದಲ್ಲಿ ಕೈ ಎಷ್ಟು ಪಳಗಿತ್ತೆಂದರೆ ನಾನು ಯೋಚಿಸುವುದಕ್ಕೆ ಮೊದಲೇ ಬೆರಳು ಕಲೆಯ ಮೇಲೆ ಹೋಗಿ ಕೂತಿರುತ್ತಿತ್ತು. ಅದೇ ಬೆರಳು ನನ್ನ ಮಾನ ಕಳೆಯಿತು. ನನ್ನದಷ್ಟೇ ಆಗಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ, ಒಬ್ಬ ಹುಡುಗಿಯ ಮಾನವೂ ಅದರ ಜೊತೆ ಹೋಗುವುದರಲ್ಲಿತ್ತು.

ಆ ಹುಡುಗಿ ಸುಜಾತಾ, ಕೊಡಂಬಲದವಳು. ಬಸವಕಲ್ಯಾಣದ ಒಂದು ಡಿಗ್ರಿ ಕಾಲೇಜಿನಲ್ಲಿ ಬಿಎಸ್ಸಿ ಕೊನೆಯ ವರ್ಷ ಓದುತ್ತಿದ್ದಳು. ದಿನಾ ಕೊಡಂಬಲದಿಂದ ಹುಮನಾಬಾದಿಗೆ ಒಂದು ಬಸ್ಸು, ಅಲ್ಲಿಂದ ಬಸವಕಲ್ಯಾಣಕ್ಕೆ ಇನ್ನೊಂದು. ಒಂದು ಸಂಜೆ ಬಸ್ಸು ಬದಲಿಸುವ ನಡುವೆ ಅಂಗಡಿಗೆ ಬಂದು, ಪ್ರಾಜೆಕ್ಟ್‌ಗೆ ಒಂದಿಷ್ಟು ಫೋಟೋ ಪ್ರಿಂಟ್ ಹಾಕಿಕೊಡಲು ಕೇಳಿದಳು. ಅವಳ ಮೊಬೈಲಿನಲ್ಲಿ ನೋಡಿದರೆ ಹುಲ್ಲಿನ ನಡುವೆ ಮಸುಕು ಮಸುಕಾದ ಕಂದು ಚೂರುಗಳು.

"ಇದೇನವಾ, ಕಡ್ಲಿ ಹೊಟ್ಟಿನ ಫೋಟೋ ಹೊಡದೀಯಲ್ಲ" ಎಂದು ನಾನು ನಕ್ಕೆ.

"ಹೊಟ್ಟಲ್ಲಕ್ಕಾ, ಚಿಟ್ಟಿ" ಎಂದಳು. ಅವಳು ನಗಲಿಲ್ಲ.

ಆಮೇಲೆ ಕುರ್ಚಿ ಕೊಟ್ಟು ಕೂರಿಸಿ ಕೇಳಿದಾಗ ವಿಷಯ ಬಿಚ್ಚಿಕೊಂಡಿತು. ಅವಳ ಪ್ರಾಜೆಕ್ಟಿನ ವಿಷಯ, ತಮ್ಮ ಹೊಲದ ಒಂದೇ ಒಂದು ಬದುವಿನ ಮೇಲೆ ವರ್ಷವಿಡೀ ಕಂಡ ಚಿಟ್ಟೆಗಳು. ಬದು ಎಂದರೆ ಎರಡು ಹೊಲದ ನಡುವಿನ ಮಣ್ಣಿನ ಏರಿ, ಮೇಲೆ ಹುಲ್ಲು ಬೆಳೆದಿರುವಂಥದ್ದು. ಅಲ್ಲಿ ಅವಳು ಕಂಡದ್ದರಲ್ಲಿ ಬಹಳ ಮುಖ್ಯವಾದದ್ದು ಗ್ರಾಸ್ ಜ್ಯುವೆಲ್ ಎಂಬ ಚಿಟ್ಟೆ. ನಮ್ಮ ದೇಶದ ಅತಿ ಸಣ್ಣ ಚಿಟ್ಟೆಗಳಲ್ಲಿ ಒಂದು. ರೆಕ್ಕೆ ಮಡಚಿ ಕೂತರೆ ಕಿರುಬೆರಳಿನ ಉಗುರಿಗಿಂತ ದೊಡ್ಡದಿಲ್ಲ. ಇದರಲ್ಲಿ ಅಕ್ಕತಂಗಿಯರಂತೆ ಒಂದನ್ನೊಂದು ಹೋಲುವ ಎರಡು ಜಾತಿಗಳಿವೆಯಂತೆ. ಅವನ್ನು ಬೇರೆ ಮಾಡಿ ಗುರುತಿಸಬೇಕೆಂದರೆ ರೆಕ್ಕೆ ಮಡಚಿದಾಗ ಕಾಣುವ ಅದರ ಕೆಳಮೈಯ ಚುಕ್ಕೆಗಳನ್ನು ಎಣಿಸಬೇಕು, ಯಾವ ಚುಕ್ಕೆ ಎಲ್ಲಿದೆ ನೋಡಬೇಕು. ಎರಡೂ ಜಾತಿ ತಮ್ಮ ಬದುವಿನ ಮೇಲಿವೆ ಎಂದು ಸುಜಾತಾ ಬರೆದಿದ್ದಳು. ಒಂದರ ಫೋಟೋ ಹೇಗೋ ಸಿಕ್ಕಿತ್ತು. ಇನ್ನೊಂದನ್ನು ಅವರ ವಿಭಾಗದ ಫರ್ಜಾನಾ ಮೇಡಂ ಒಪ್ಪಿರಲಿಲ್ಲ. ಚುಕ್ಕೆ ಸ್ಪಷ್ಟ ಕಾಣುವ ಫೋಟೋ ತಂದರೆ ಮಾತ್ರ ಪಟ್ಟಿಯಲ್ಲಿ ಇಟ್ಟುಕೋ, ಇಲ್ಲದಿದ್ದರೆ ತೆಗೆ ಎಂದಿದ್ದರು.

ನನಗೆ ಹುರುಪು ಬಂತು. "ಮುತ್ತಿನ ಉಂಗುರದ ಫೋಟೋ ತಗಿಯೋ ಕೈ ಇದು. ನಿನ್ನ ಚಿಟ್ಟಿ ಯಾವ ಲೆಕ್ಕ" ಎಂದುಬಿಟ್ಟೆ. ಮದುವೆ ಕೆಲಸದವರ ಬಳಿ ಉಂಗುರ, ತಾಳಿ, ಜುಮಕಿ ಹತ್ತಿರದಿಂದ ತೆಗೆಯಲು 100 ಎಂಎಂ ಮ್ಯಾಕ್ರೋ ಲೆನ್ಸ್ ಇರುತ್ತದೆ. ಸಣ್ಣ ವಸ್ತುವನ್ನು ಅದರ ನಿಜವಾದ ಅಳತೆಯಲ್ಲೇ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರಿನ ಮೇಲೆ ಮೂಡಿಸುವ ಲೆನ್ಸ್ ಅದು. ನನ್ನ ಬಳಿಯೂ ಒಂದಿತ್ತು. ಆದರೆ ಉಂಗುರ ಇಟ್ಟಲ್ಲೇ ಇರುತ್ತದೆ ಎಂಬುದು ಆಗ ತಲೆಗೆ ಹೊಳೆಯಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಕೊಡಂಬಲದ ಹೊಲದಲ್ಲಿ ನಿಂತೆ. ಮದುವೆಗೆ ಹಾಕುವ ಕೆಂಪು ಸೀರೆ, ಎರಡೂ ಕೈಯಲ್ಲಿ ಡಜನ್ ಹಸಿರು ಬಳೆ. ಸುಜಾತಾಳ ತಾಯಿ ಶಾಂತಾಬಾಯಿ ನನ್ನನ್ನು ನೋಡಿ, "ಏ ತಂಗಿ, ಯಾರ ಮದಿವಿಗೆ ಬಂದೀರಿ?" ಎಂದು ಕೇಳಿ ತಾನೇ ಬಿದ್ದು ಬಿದ್ದು ನಕ್ಕಳು. ಅವಳಿಗೆ ಐವತ್ತರ ಹತ್ತಿರ. ಸ್ವಂತ ಹೊಲ ಒಂದೂವರೆ ಎಕರೆ, ಉಳಿದ ದಿನ ಬೇರೆಯವರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಾಳೆ. ಬಿಸಿಲಿಗೆ ಮೈ ಕಾದ ಚಿಟ್ಟೆ ಒಂದು ಕ್ಷಣ ಕೂತದ್ದಿಲ್ಲ. ಎರಡು ತಾಸು ಬದುವಿನ ಮೇಲೆ ಅತ್ತಿಂದಿತ್ತ ಓಡಿ, ಕೊನೆಗೆ ಒಂದು ಯಾಕೋ ದಣಿದು ಹುಲ್ಲಿಗೆ ಕೂತಾಗ ಎಂಟು ಫ್ರೇಮ್ ಹೊಡೆದೆ. ಅದರಲ್ಲಿ ಒಂದು ಪರವಾಗಿಲ್ಲ ಎನ್ನುವಂತಿತ್ತು.

ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದೆ. ಹಿಂದಿನ ರೆಕ್ಕೆಯ ತುದಿ ಹರಿದಿತ್ತು. ಮುಂದಿನ ರೆಕ್ಕೆಯ ತುದಿಯಿಂದ ಚೂರು ಎತ್ತಿ ತೇಪೆ ಹಾಕಿದೆ. ಅಲ್ಲಲ್ಲಿ ಧೂಳಿನಂಥ ಕರಿ ಚುಕ್ಕೆ ಕಂಡವು. ಸೆನ್ಸರ್ ಮೇಲಿನ ಧೂಳಿರಬೇಕೆಂದು ಒರೆಸಿದೆ. ಬಣ್ಣ ಮಂಕಾಗಿತ್ತು, ಏರಿಸಿದೆ. ಹಿನ್ನೆಲೆಯ ಒಣಹುಲ್ಲಿಗೆ ಹಸಿರು ಬಳಿದೆ. ಮುಗಿಸಿ ನೋಡಿದರೆ ತಾಳಿ ಕಟ್ಟಿಸಿಕೊಳ್ಳಲು ಕೂತ ಹುಡುಗಿಯ ಹಾಗೆ ಕಾಣುತ್ತಿತ್ತು. ಮರುದಿನ ಹುಮನಾಬಾದಿನಲ್ಲಿ ಒಂದು ನಿಕಾಹ್ ಇತ್ತು. ನಮ್ಮ ಕಸುಬಿನ ರೂಢಿಯಂತೆ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಫಾರ್ಮ್ಯಾಟ್ ಮಾಡಿ, ಅಂದರೆ ಪೂರ್ತಿ ಒರೆಸಿ ಖಾಲಿ ಮಾಡಿ, ಅದೇ ಕಾರ್ಡಿನಲ್ಲಿ ಸಾವಿರಕ್ಕೂ ಮೇಲೆ ಫೋಟೋ ತೆಗೆದೆ. ಮೂಲ ಫೈಲನ್ನು ಇಟ್ಟುಕೊಳ್ಳುವ ಅಭ್ಯಾಸ ನನಗಿರಲಿಲ್ಲ. ಟಚಿಂಗ್ ಆದಮೇಲೆ ಮೊಡವೆಯ ಫೋಟೋ ಯಾರಿಗೆ ಬೇಕು?

ದೊಡ್ಡ ಗ್ಲಾಸಿ ಪ್ರಿಂಟು ಕೈಗಿತ್ತಾಗ ಸುಜಾತಾ ಸ್ವಲ್ಪ ಹೊತ್ತು ನೋಡಿ, "ಅಕ್ಕಾ, ಭಾಳ ಸಾಫ್ ಬಂದದ" ಎಂದಳು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ. ದೊಡ್ಡವರು ಮಾಡಿದ ಕೆಲಸಕ್ಕೆ ಹೆಸರಿಡುವ ಹುಡುಗಿ ಅವಳಲ್ಲ.

ಎರಡು ದಿನ ಬಿಟ್ಟು ಅವಳು ಅಂಗಡಿಗೆ ಬಂದಾಗ ಕೌಂಟರಿನ ಮೇಲೆ ಆ ಪ್ರಿಂಟನ್ನು ಮೆಲ್ಲಗೆ ಇಟ್ಟಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. "ಮೇಡಂ ಕೇಳಿದ್ರು, ಇಂಥಾ ಚಿಟ್ಟಿ ಎಲ್ಲಿ ಸಿಕ್ತು ಅಂತ. ಬದುವಿನ ಮ್ಯಾಲೆ ಅಂದೆ. ಖರೆ ಹೇಳು ಅಂದ್ರು. ಖರೇನೇ ಹೇಳಾಕತ್ತೇನ್ರಿ ಅಂದೆ. ನಂಬಲಿಲ್ಲ" ಎಂದಳು. ನಾನು ಅಳಿಸಿದ 'ಧೂಳು' ಏನೆಂದು ಅವಳೇ ಬೆರಳಿಟ್ಟು ತೋರಿಸಿದಳು. ಚಿಟ್ಟೆಯ ಗುರುತು ಹೇಳುವ ಚುಕ್ಕೆಗಳನ್ನೇ ನಾನು ಒಂದೊಂದಾಗಿ ಆರಿಸಿ ಒರೆಸಿದ್ದೆ.

ಮರುದಿನ ಅವಳ ಜೊತೆ ನಾನೂ ಬಸವಕಲ್ಯಾಣದ ಬಸ್ಸು ಹತ್ತಿದೆ. ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಫರ್ಜಾನಾ ಮೇಡಂ ಕೂತಿದ್ದರು. ನೋಡಿದರೆ ಪರಿಚಯದ ಮುಖ. ಅವರ ತಂಗಿಯ ಮೆಹಂದಿಗೆ ನಾನೇ ಹೋಗಿದ್ದೆ. ಆ ಧೈರ್ಯದಿಂದ ನಿಂತಲ್ಲೇ ಎಲ್ಲ ಒಪ್ಪಿಕೊಂಡೆ: ತಪ್ಪು ಹುಡುಗಿಯದಲ್ಲ, ನನ್ನದು, ತೇಪೆ ಹಾಕಿದವಳು ನಾನು, ಚುಕ್ಕೆ ಒರೆಸಿದವಳು ನಾನು.

ಮೇಡಂ ಪ್ರಿಂಟನ್ನು ಎತ್ತಿ ಬೆಳಕಿಗೆ ಹಿಡಿದರು. "ಮಹಾನಂದಾ ಅವರ, ಚಂದ ಮಾಡೀರಿ. ಆದ್ರ ಇಂಥಾ ಚಿಟ್ಟಿ ಈ ಭೂಮಿ ಮ್ಯಾಲೆ ಇಲ್ರಿ" ಎಂದರು. ನನಗೆ ನಗು ಬಂತು, ಅವರಿಗೂ ಬಂತು, ಸುಜಾತಾಳಿಗೆ ಮಾತ್ರ ಬರಲಿಲ್ಲ.

ಆಮೇಲೆ ಅವರು ಹೇಳಿದ ಮಾತು ನಗುವಂಥದ್ದಲ್ಲ. "ನಿಮ್ಮ ಮಾತ ನಾನು ನಂಬ್ತೀನಿ. ಆದ್ರ ಪ್ರಾಜೆಕ್ಟ್ ನೋಡ್ಲಿಕ್ಕ ಹೊರಗಿಂದ ಎಕ್ಸಾಮಿನರ್ ಬರ್ತಾರ. ಅವ್ರು ಫೋಟೋ ನೋಡ್ತಾರ, ನಿಮ್ಮನ್ನಲ್ಲ. ಇದೊಂದು ಫೋಟೋ ಖೋಟಾ ಅಂತ ಗೊತ್ತಾದ್ರ ಈಕಿ ವರ್ಷವಿಡೀ ಬರದದ್ದೆಲ್ಲಾ ಖೋಟಾ ಅಂತಾರ." ವೈವಾ, ಅಂದರೆ ಮೌಖಿಕ ಪರೀಕ್ಷೆ, ಎಳ್ಳ ಅಮಾವಾಸ್ಯೆಯ ಮರುದಿನ ಇತ್ತು. ಅಷ್ಟರೊಳಗೆ ಟಚಿಂಗ್ ಇಲ್ಲದ ಫೋಟೋ, ಕ್ಯಾಮೆರಾದಿಂದ ಬಂದ ಮೂಲ ಫೈಲಿನ ಸಮೇತ ತರಬೇಕು. ತರದಿದ್ದರೆ ಆ ಚಿಟ್ಟೆಯ ಪುಟ ಕಿತ್ತುಹಾಕಿ, ಕಿತ್ತ ಕಾರಣವನ್ನೂ ಬರೆಯಬೇಕು. ನಮ್ಮ ಕೈಯಲ್ಲಿ ಇನ್ನು ಎಂಟು ದಿನ ಉಳಿದಿದ್ದವು.

ಒರೆಸಿದ ಫೋಟೋಗಳನ್ನು ಕಾರ್ಡಿನಿಂದ ಮೇಲೆತ್ತುವ ಸಾಫ್ಟ್‌ವೇರ್ ಒಂದನ್ನು ನಮ್ಮ ಮನೆಯವರು ಓಡಿಸಿ ನೋಡಿದರು. ನಿಕಾಹ್‌ನ ಹೆಂಗಸರೇ ಮತ್ತೆ ಮತ್ತೆ ಮೇಲೆ ಬಂದರು, ಚಿಟ್ಟೆ ಬರಲಿಲ್ಲ. "ಸೀರಿ ಉಟ್ಟ ಚಿಟ್ಟಿ ಬೇಕಾದಷ್ಟವ ನೋಡು" ಎಂದು ಚೇಷ್ಟೆ ಮಾಡಿದರು. ಆ ದಿನ ಅವರಿಗೆ ಎರಡನೇ ಸಲ ಚಹಾ ಸಿಗಲಿಲ್ಲ.

ಹಾಗಾಗಿ ಮೊದಲಿಂದ ಕಲಿಯುವುದು ಬಂತು. ನನ್ನ ಹಳೆಯ ಫೋಟೋವನ್ನೇ ಮುಂದಿಟ್ಟುಕೊಂಡು ಎಲ್ಲಿ ತಪ್ಪಿದೆ ಎಂದು ನೋಡಿದೆ. ಮದುವೆಯಲ್ಲಿ ನಾನು ಲೆನ್ಸಿನ ಕಿಂಡಿಯನ್ನು ಪೂರ್ತಿ ತೆರೆದು, ಎಫ್ 2.8ರಲ್ಲಿ ತೆಗೆಯುತ್ತೇನೆ. ಮುಖ ಚೊಕ್ಕ, ಹಿಂದಿನ ಗದ್ದಲ ಮಸುಕು. ಒಂದು ಗೇಣಿಗಿಂತ ಹತ್ತಿರ ಹೋದಾಗ ಅದೇ ಎಫ್ 2.8ರಲ್ಲಿ ಸ್ಪಷ್ಟವಾಗಿ ಕಾಣುವ ಪದರ ಒಂದು ಕಾಗದದಷ್ಟು ದಪ್ಪವೂ ಇರುವುದಿಲ್ಲ. ಕಣ್ಣು ಚೊಕ್ಕ ಬಂದರೆ ರೆಕ್ಕೆ ಮಸುಕು. ಅದಕ್ಕೆ ಕಿಂಡಿ ಕಿರಿದು ಮಾಡಿ ಎಫ್ 11ಕ್ಕೆ ಹೋಗಬೇಕು. ಹೋದರೆ ಬೆಳಕು ಸಾಲದು, ಫ್ಲ್ಯಾಶ್ ಬೇಕು. ಫ್ಲ್ಯಾಶ್ ನೇರ ಬಿದ್ದರೆ ರೆಕ್ಕೆ ಸ್ಟೀಲ್ ತಟ್ಟೆಯಂತೆ ಹೊಳೆಯುತ್ತದೆ. ಹಳೆಯ ಆಲ್ಬಮ್ಮುಗಳಲ್ಲಿ ಪುಟದ ನಡುವೆ ಇಡುತ್ತಿದ್ದ ಬಟರ್ ಪೇಪರ್ ಒಂದು ಕಟ್ಟು ಅಟ್ಟದ ಮೇಲಿತ್ತು. ಅದನ್ನು ಎರಡು ಪದರ ಮಾಡಿ ಫ್ಲ್ಯಾಶಿನ ಮುಂದೆ ಕಮಾನಿನಂತೆ ಬಗ್ಗಿಸಿ ಕಟ್ಟಿದೆ. ಬೆಳಕು ಹಾಲಿನಂತೆ ಮೆತ್ತಗಾಯಿತು. ಒಂದು ಕಡ್ಲೆಕಾಳನ್ನು ಹುಲ್ಲಿಗೆ ಸಿಕ್ಕಿಸಿ ಮನೆಯ ಹಿತ್ತಲಲ್ಲಿ ನೂರಾರು ಸಲ ತೆಗೆದು ನೋಡಿದೆ.

ಮೊದಲನೇ ಬೆಳಿಗ್ಗೆ ಆರೂವರೆಗೆ ಹೋದೆ. ಆ ಚಳಿಯಲ್ಲಿ ಚಿಟ್ಟೆಗಳು ಮರಗಟ್ಟಿ ಕೂತಿರುತ್ತವೆ, ಬೇಕಾದ ಹಾಗೆ ತೆಗೆಯಬಹುದು ಎಂದು ನನ್ನ ಲೆಕ್ಕ. ಕೂತಿದ್ದವೇನೋ ನಿಜ. ಎಲ್ಲಿ ಕೂತಿವೆ ಎಂದು ಕಂಡರೆ ತಾನೆ? ಇಬ್ಬನಿಯ ಹುಲ್ಲಿನಲ್ಲಿ ಒಂದು ತಾಸು ತಡಕಾಡಿದೆ. ಆಗ ಸುಜಾತಾ, "ಅಕ್ಕಾ, ಚಿಟ್ಟಿ ಹುಡುಕಬ್ಯಾಡ್ರಿ, ಅದರ ಗಿಡ ಹುಡುಕ್ರಿ" ಎಂದಳು. ಬದುವಿನ ಕೆಳಗೆ ನೆಲಕ್ಕಂಟಿ ಬೆಳೆಯುವ, ಸಾಸಿವೆಯಷ್ಟು ಸಣ್ಣ ಬಿಳಿ ಹೂವಿನ ಒಂದು ಕಳೆ ಇದೆ. ಅದರ ಮೇಲೆಯೇ ಆ ಚಿಟ್ಟೆ ಮೊಟ್ಟೆ ಇಡುತ್ತದೆ, ಅದರ ಸುತ್ತ ಮೂರು ಮಾರು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಆ ಕಳೆಯ ಮೇಲೆಯೇ ನಾನು ಬ್ಯಾಗಿಟ್ಟುಕೊಂಡು ಕೂತಿದ್ದೆ.

ಎರಡು ದಿನ ಬಿಟ್ಟು ಮತ್ತೆ ಹೋದೆ. ಈ ಸಲ ಮಣ್ಣಿನ ಬಣ್ಣದ ಹಳೇ ಚೂಡಿದಾರ. ಒಂಬತ್ತರ ಸುಮಾರಿಗೆ ಬಿಸಿಲು ಬದುವಿಗೆ ಬಂತು, ಚಿಟ್ಟೆಗಳು ಎದ್ದವು. ಹತ್ತಿರ ಸರಿದು ಕ್ಯಾಮೆರಾ ಎತ್ತಿದರೆ ಬಳೆಯ ಮೇಲೆ ಬಿಸಿಲು ಫಳಕ್ಕೆಂದು ಮಿಂಚಿ, ಚಿಟ್ಟೆ ಪರಾರಿ. ಬಳೆ ಕಳಚಲು ಹೋದೆ. ಮುತ್ತೈದೆ ಹೆಂಗಸು ಹೊಲದ ನಡುವೆ ಕೂತು ಬಳೆ ತೆಗೆಯುವುದೇ ಎಂದು ಶಾಂತಾಬಾಯಿ ಹೌಹಾರಿದಳು. "ತಗೀಬ್ಯಾಡ ತಂಗಿ, ಬ್ಯಾಡ ಬ್ಯಾಡ" ಎಂದು ತನ್ನ ಹಳೇ ಸೀರೆಯ ಅಂಚು ಹರಿದು ನನ್ನ ಎರಡೂ ಕೈಗೆ ಮೊಣಕೈವರೆಗೆ ಸುತ್ತಿದಳು. ಕೈ ಮುರಿದವಳಂತೆ ಹೊಟ್ಟೆಯ ಮೇಲೆ ತೆವಳಿದೆ. ನೆರಳು ಚಿಟ್ಟೆಯ ಮೇಲೆ ಬೀಳದಂತೆ ಸೂರ್ಯನಿಗೆ ಓರೆಯಾಗಿ ಮಲಗಿದೆ. ಫೋಕಸ್ಸನ್ನು ಒಂದೇ ದೂರಕ್ಕೆ ಬಿಗಿಮಾಡಿ, ಮೈಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ, ಉಸಿರು ಬಿಟ್ಟು ಬಟನ್ ಒತ್ತಿದೆ. ನಲವತ್ತು ಫ್ರೇಮ್ ಬಂದವು. ಅವುಗಳಲ್ಲಿ ಅರ್ಧದಷ್ಟು ಸುಜಾತಾಳಿಗೆ ಆಗಲೇ ಸಿಕ್ಕಿದ್ದ ಆ ಇನ್ನೊಂದು ಜಾತಿಯವು. ಉಳಿದವುಗಳಲ್ಲಿ ಮುಂದಿನ ರೆಕ್ಕೆ ಚೊಕ್ಕ, ಹಿಂದಿನ ರೆಕ್ಕೆ ಮಸುಕು. ನಾನು ಮದುಮಗಳಿಗೆ ನಿಲ್ಲುವಂತೆ ಚಿಟ್ಟೆಗೂ ಸ್ವಲ್ಪ ಓರೆಯಾಗಿ ಮಲಗಿದ್ದೆ. ಮುಖಕ್ಕೆ ಓರೆ ಚಂದ. ಚಿಟ್ಟೆಯ ರೆಕ್ಕೆ ಒಂದು ಹಾಳೆ. ಅದು ಪೂರ್ತಿ ಚೊಕ್ಕ ಬರಬೇಕಾದರೆ ಕ್ಯಾಮೆರಾದ ಬೆನ್ನು ಆ ಹಾಳೆಗೆ ಸರಿಸಮ ಎದುರಾಗಿ ಇರಬೇಕು. ಇಷ್ಟು ತಿಳಿಯುವ ಹೊತ್ತಿಗೆ ಐದು ದಿನ ಕಳೆದಿದ್ದವು.

ಆರನೇ ದಿನ ಮೋಡ, ಗಾಳಿ. ಒಂದೂ ಏಳಲಿಲ್ಲ. ಏಳನೇ ದಿನ ಬಸವಕಲ್ಯಾಣದಲ್ಲಿ ಒಂದು ತೊಟ್ಟಿಲು ಕಾರ್ಯಕ್ರಮಕ್ಕೆ ಮೊದಲೇ ಒಪ್ಪಿಕೊಂಡಿದ್ದೆ, ಬಿಡುವಂತಿರಲಿಲ್ಲ. ಕೂಸಿನ ಫೋಟೋ ತೆಗೆಯುತ್ತಾ ಮನಸ್ಸೆಲ್ಲ ಕೊಡಂಬಲದ ಬದುವಿನ ಮೇಲೆ. ಇನ್ನು ಉಳಿದದ್ದು ಅಮಾವಾಸ್ಯೆಯ ಒಂದೇ ದಿನ.

ನಮ್ಮ ಕಡೆ ಎಳ್ಳ ಅಮಾವಾಸ್ಯೆ ಎಂದರೆ ಊರಿಗೆ ಊರೇ ಹೊಲದಲ್ಲಿರುತ್ತದೆ. ನಾನು ಏಳಕ್ಕೇ ಹೋಗಿ ಬದುವಿನ ಬಳಿ ಕಾವಲು ಕೂತೆ. ಒಂಬತ್ತೂವರೆಗೆ ನಮಗೆ ಬೇಕಾದ ಚಿಟ್ಟೆ ಎರಡು ಸಲ ಕಂಡಿತು, ಎರಡೂ ಸಲ ಕೂರುವ ಮೊದಲೇ ಎದ್ದಿತು. ಅಷ್ಟರಲ್ಲಿ ಶಾಂತಾಬಾಯಿಯ ಮನೆಮಂದಿ ಬುಟ್ಟಿ ಹೊತ್ತು ಬಂದರು. ಹಲವು ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಕಡಬು, ಒಂದು ದೊಡ್ಡ ಮಣ್ಣಿನ ಗಡಿಗೆಯಲ್ಲಿ ಅಂಬಲಿ. ಜೋಳದ ಹಿಟ್ಟು ಕುದಿಸಿ ಮಜ್ಜಿಗೆ ಬೆರೆಸಿ ಹುಳಿ ಬರಿಸಿದ ಆ ಅಂಬಲಿ ಇಲ್ಲದೆ ಈ ಹಬ್ಬವಿಲ್ಲ. ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡಿದರು. ಪೂಜೆಯಾದಮೇಲೆ ಚರಗ ಚೆಲ್ಲಬೇಕು. ಎಂದರೆ ಅಡುಗೆಯೆಲ್ಲ ಕಲೆಸಿ, ಅಂಬಲಿಯ ಜೊತೆ, ಕೂಗು ಹಾಕುತ್ತಾ ಹೊಲದ ನಾಲ್ಕೂ ಸುತ್ತ ಎರಚುವುದು.

ಓಡಿಹೋಗಿ, "ಶಾಂತವ್ವಾ, ಅದೊಂದು ಮೂಲಿ ಬಿಡ್ರಿ. ಚಿಟ್ಟಿ ಹಾರಿ ಹೋಗ್ತಾವ" ಎಂದು ಕೈ ಮುಗಿದೆ.

"ಒಂದು ಮೂಲಿ ಬಿಟ್ರ ಹ್ಯಾಂಗ ತಂಗಿ? ಅಲ್ಲಿ ಇರೂವೂ ನಮ್ಮ ಹೊಲದ ಜೀವಾನೇ ಅಲ್ಲೇನು? ಅವುಕ್ಕೂ ಇವತ್ತ ಹಬ್ಬ" ಎಂದಳು. ಹೇಳಿ ಸುಮ್ಮನಾಗಲಿಲ್ಲ. ಆ ಮೂಲೆಗೆ ಸ್ವಲ್ಪ ಹೆಚ್ಚೇ ಅಂಬಲಿ ಸುರಿದಳು. ಬಿಳಿ ಹೂವಿನ ಆ ಕಳೆಯ ಮೇಲೆ, ಸುತ್ತಲಿನ ಕರಿ ಮಣ್ಣಿನ ಮೇಲೆ, ಧಾರಾಳವಾಗಿ. ಇದ್ದಬದ್ದ ಚಿಟ್ಟೆಗಳು ಎದ್ದು ದಿಕ್ಕಾಪಾಲಾದವು.

ನನಗೆ ಸಿಟ್ಟು ಬಂತು. ಸುಳ್ಳೇಕೆ, ಚೆನ್ನಾಗಿಯೇ ಬಂತು. ಕ್ಯಾಮೆರಾ ಪಕ್ಕಕ್ಕಿಟ್ಟು ಮುಖ ಊದಿಸಿಕೊಂಡು ಊಟಕ್ಕೆ ಕೂತೆ. ಭಜ್ಜಿ ಎರಡನೇ ಸಲ ಹಾಕಿಸಿಕೊಂಡಾಗ ಸಿಟ್ಟು ಸ್ವಲ್ಪ ಇಳಿದಿತ್ತು. ಸುಜಾತಾ ಊಟ ಮಾಡಿರಲಿಲ್ಲ. ಬದುವಿನ ಕಡೆಯೇ ನೋಡುತ್ತಾ ಕೂತಿದ್ದಳು. ವರ್ಷವಿಡೀ ಬರೆದ ನೋಟ್‌ಬುಕ್ಕು ಮಡಿಲಲ್ಲಿತ್ತು. ಆ ಪುಟವನ್ನು ನಾಳೆ ಎಲ್ಲಿಂದ ಹರಿಯಬೇಕು ಎಂದು ನೋಡುತ್ತಿದ್ದಾಳೆ ಅನ್ನಿಸಿ, ತಟ್ಟೆ ಕೆಳಗಿಟ್ಟೆ. ಇದೆಲ್ಲ ನನ್ನ ಬೆರಳು ಮಾಡಿದ್ದು.

ಹತ್ತು ನಿಮಿಷವಾಗಿರಬೇಕು. ಸುಜಾತಾ ಮೆಲ್ಲಗೆ ನನ್ನ ಮೊಣಕಾಲು ಮುಟ್ಟಿ, "ಅಕ್ಕಾ, ಅಲ್ಲಿ ನೋಡ್ರಿ" ಎಂದಳು.

ಅಂಬಲಿ ಚೆಲ್ಲಿದ ಮಣ್ಣು ಒದ್ದೆಯಾಗಿ ಮೆತ್ತಗಾಗಿತ್ತು. ಆ ಒದ್ದೆಯ ಮೇಲೆ ಏಳೆಂಟು ಸಣ್ಣ ಚಿಟ್ಟೆ ಸಾಲಾಗಿ ಕೂತಿದ್ದವು. ಪಂಕ್ತಿಗೆ ಕೂತ ಬೀಗರಂತೆ, ಅಲುಗಾಡದೆ. ಗಂಡು ಚಿಟ್ಟೆಗಳು ಒದ್ದೆ ಮಣ್ಣಿನಿಂದ ಉಪ್ಪಿನಂಶ ಹೀರುತ್ತವೆ, ಹೀರುವಾಗ ರೆಕ್ಕೆ ಮಡಚಿ ನಿಮಿಷಗಟ್ಟಲೆ ಕೂರುತ್ತವೆ ಎಂದು ಸುಜಾತಾ ಆಮೇಲೆ ಹೇಳಿದಳು. ಇಂಗ್ಲಿಷಿನಲ್ಲಿ ಇದಕ್ಕೆ ಮಡ್ ಪಡ್ಲಿಂಗ್ ಎನ್ನುತ್ತಾರೆ. ಚಳಿಗಾಲದಲ್ಲಿ ಆ ಬದುವಿನ ಮೇಲೆ ಎಲ್ಲೂ ಒದ್ದೆ ಇರಲಿಲ್ಲ, ಅದಕ್ಕೆ ಅವಳಿಗೂ ಅಂದಿನತನಕ ಇದು ಹೊಳೆದಿರಲಿಲ್ಲ.

ಕೈ ತೊಳೆಯುವ ಪುರುಸೊತ್ತಿಲ್ಲ. ಭಜ್ಜಿಯ ಕೈಯನ್ನೇ ದುಪಟ್ಟಾಕ್ಕೆ ಒರೆಸಿ, ಬಳೆಗೆ ಚಿಂದಿ ಸುತ್ತಿ, ಕರಿ ಮಣ್ಣಿನಲ್ಲಿ ಮಲಗಿದೆ. ಹದಿನೈದು ಅಡಿ ತೆವಳಲು ಹತ್ತು ನಿಮಿಷ ತಗೊಂಡೆ. ಮೊದಲು ದೂರದಿಂದ ಒಂದು, ಬದು, ಗಿಡ, ಹಿಂದಿನ ಜೋಳ ಎಲ್ಲ ಕಾಣುವಂತೆ. ಆಮೇಲೆ ಇನ್ನಷ್ಟು ಹತ್ತಿರ ಒಂದು. ಆಮೇಲೆ ಸುಜಾತಾ ನನ್ನ ಕಾಲ ಬಳಿ ಮಲಗಿ ಪಿಸುದನಿಯಲ್ಲಿ, "ಎಡಗಡಿಯಿಂದ ಮೂರನೇದು, ಹರಕ ರೆಕ್ಕೀದು" ಎಂದಳು. ಗಲ್ಲ ಮಣ್ಣಿಗೆ ತಾಗಿಸಿದಾಗ ಕ್ಯಾಮೆರಾದ ಬೆನ್ನು ರೆಕ್ಕೆಗೆ ಸರಿಸಮ ಬಂತು. ಎಫ್ 11, ಶಟರ್ ಸೆಕೆಂಡಿನ ಇನ್ನೂರನೇ ಒಂದು ಭಾಗ, ಐಎಸ್‌ಒ 400, ಬಟರ್ ಪೇಪರಿನ ಮೆತ್ತನೆ ಬೆಳಕು. ಉಸಿರು ಬಿಟ್ಟೆ, ಒತ್ತಿದೆ. ಚಿಟ್ಟೆ ಏಳಲಿಲ್ಲ. ಮತ್ತೆ ಒತ್ತಿದೆ. ಐವತ್ತೆರಡು ಸಲ ಒತ್ತಿದೆ. ಅದು ತನ್ನ ಊಟ ಮುಗಿಸಿಕೊಂಡೇ ಹೋಯಿತು.

ಎದ್ದು ಕ್ಯಾಮೆರಾದ ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದೆ. ಸುಜಾತಾ ಚುಕ್ಕೆ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಆಮೇಲೆ ನೋಟ್‌ಬುಕ್ಕು ಬೀಸಾಡಿ ನನ್ನನ್ನು ಅಪ್ಪಿಕೊಂಡಳು. ಅವಳ ಬಟ್ಟೆಗೂ ಮಣ್ಣು, ನನ್ನ ಮುಖಕ್ಕೂ ಮಣ್ಣು. ಶಾಂತಾಬಾಯಿ ಅಂಬಲಿಯ ಗಡಿಗೆ ಹಿಡಿದು ನಿಂತು, "ಇನ್ನೊಂದೀಟು ಚೆಲ್ಲಲೇನು?" ಎಂದು ಕೇಳಿದಳು. ಅಷ್ಟು ನಕ್ಕದ್ದು ನನಗೆ ಈಚೆಗೆ ನೆನಪಿಲ್ಲ.

ಮನೆಗೆ ಬಂದವಳೇ ಕಾರ್ಡಿನ ಅಂಚಿನಲ್ಲಿರುವ ಲಾಕ್ ಗುಂಡಿಯನ್ನು ಕೆಳಗೆ ಸರಿಸಿದೆ. ಅದನ್ನು ಸರಿಸಿದರೆ ಕಾರ್ಡಿನಲ್ಲಿದ್ದದ್ದು ಅಳಿಸಲು ಬರುವುದಿಲ್ಲ. ಇಷ್ಟು ವರ್ಷದಲ್ಲಿ ಅದನ್ನು ಸರಿಸಿದ್ದು ಅದೇ ಮೊದಲು. ಮೂಲ ಫೈಲನ್ನು ಎರಡು ಕಡೆ ಕಾಪಿ ಮಾಡಿ, ಒಂದನ್ನು ಕಂಪ್ಯೂಟರಿನಲ್ಲಿ ತೆರೆದೆ. ಚುಕ್ಕೆಗಳು ಮುತ್ತು ಪೋಣಿಸಿದಂತೆ ಇದ್ದವು. ಹರಿದ ರೆಕ್ಕೆ ಹರಿದ ಹಾಗೇ ಇತ್ತು. ಆದರೆ ಹಿಂದಿನ ರೆಕ್ಕೆಯ ಅಂಚಿಗೆ, ಚುಕ್ಕೆಗಳ ಸಾಲಿನಿಂದ ಚೂರು ದೂರ, ಒಂದು ಬಿಳಿ ಕಣ ಅಂಟಿತ್ತು. ಹುಲ್ಲಿಗೆ ಸಿಡಿದ ಅಂಬಲಿ ತಾಗಿ ಅಂಟಿದ್ದು. ಕಣ್ಣಿಗೆ ಚುಚ್ಚುತ್ತಿತ್ತು. ಒಂದು ಕ್ಲಿಕ್ಕಿನ ಕೆಲಸ. ಬೆರಳು ಅದಾಗಲೇ ಮೌಸಿನ ಮೇಲಿತ್ತು. ನಮ್ಮ ಮನೆಯವರನ್ನು ಕರೆದು, "ಈ ಕಂಪ್ಯೂಟರ್ ಬಂದ್ ಮಾಡ್ರಿ, ನನ್ನ ಕೈ ಮ್ಯಾಲೆ ನನಗ ಭರೋಸಾ ಇಲ್ಲ" ಎಂದೆ.

ಮರುದಿನ ವೈವಾ. ಹೊರಗಿನ ಎಕ್ಸಾಮಿನರ್ ಕಲಬುರಗಿಯಿಂದ ಬಂದ ಹಿರಿಯರು. ನಾನು ಲ್ಯಾಬಿನ ಹೊರಗೆ ವರಾಂಡದ ಬೆಂಚಿನ ಮೇಲೆ ಕೂತಿದ್ದೆ, ಬಾಗಿಲು ತೆರೆದೇ ಇತ್ತು. ಫರ್ಜಾನಾ ಮೇಡಂ ಮೊದಲ ಫೋಟೋದ ಕತೆಯನ್ನು ತಾವೇ ಮುಚ್ಚುಮರೆಯಿಲ್ಲದೆ ಹೇಳಿ, ಈಗಿನ ಮೂಲ ಫೈಲನ್ನು ಕಂಪ್ಯೂಟರಿನಲ್ಲಿ ತೆರೆದುಕೊಟ್ಟರು. ಆ ಹಿರಿಯರು ದೊಡ್ಡದು ಮಾಡಿದರು, ಇನ್ನೂ ದೊಡ್ಡದು ಮಾಡಿದರು. ಎಲ್ಲಾದರೂ ತೇಪೆ ಇದೆಯೇ ಎಂದು ಹುಡುಕುತ್ತಿದ್ದರು. ಒಮ್ಮೆ ತೇಪೆ ಹಾಕಿದವರ ಮೇಲೆ ಅನುಮಾನ ಬರುವುದು ಸಹಜ. ನಾನು ಬೆಂಚಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

"ಚುಕ್ಕಿ ಬರೋಬರ್ ಅವ. ಆದ್ರ ಇದೇನಮ್ಮಾ ಬಿಳೀದು? ಚಿಟ್ಟೀ ಮ್ಯಾಲೆ ಇಂಥಾದ್ದು ಇರೂದಿಲ್ಲ" ಎಂದು ಅವರ ದನಿ ಕೇಳಿತು.

ಅಳಿಸಿದ್ದರೆ ಅಳಿಸಿದ ತಪ್ಪು, ಬಿಟ್ಟರೆ ಬಿಟ್ಟ ತಪ್ಪು.

"ಅದು ಅಂಬಲಿ ಸರ್" ಎಂದಳು ಸುಜಾತಾ. ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ. "ನಿನ್ನೆ ನಮ್ಮ ಹೊಲದಾಗ ಅವ್ವ ಚರಗ ಚೆಲ್ಯಾಳ್ರಿ. ಆ ಹಸಿ ಮ್ಯಾಲೇ ಕುಂತಿತ್ತು."

ಆಮೇಲೆ ಆ ಹಿರಿಯರು ಕುರ್ಚಿಯಲ್ಲಿ ಹಿಂದಕ್ಕೊರಗಿ ಗಟ್ಟಿಯಾಗಿ ನಕ್ಕರು. "ನಿನ್ನೆ ನಾನೂ ಹೊಲದಾಗೇ ಇದ್ದೆನವಾ. ಮನಿಯಾಗ ಕುಂತು ಫೋಟೋ ತಿದ್ದೋರಿಗೆ ಮೊದಲ ಈ ಬಿಳೀ ಕಣಾನೇ ಕಣ್ಣಿಗೆ ಚುಚ್ತಿತ್ತು, ಒರೆಸಿ ಒಗೀತಿದ್ರು. ಇದನ್ನ ಬಿಟ್ಟೀರಿ ಅಂದಮ್ಯಾಲೆ ಉಳಿದದ್ದೂ ಖರೆ ಅದ" ಎಂದರು. ಸುಜಾತಾಳ ಪಟ್ಟಿಯಲ್ಲಿ ಆ ಚಿಟ್ಟೆಯ ಹೆಸರಿನ ಮುಂದೆ ತಮ್ಮ ಕೈಯಾರೆ 'ಖಚಿತ' ಎಂದು ಬರೆದು ಸಹಿ ಹಾಕಿದರು. ಸ್ಥಳದ ಕಾಲಂನಲ್ಲಿ ಸುಜಾತಾ ಬರೆದಿದ್ದದ್ದು 'ಶಾಂತಾಬಾಯಿಯವರ ಹೊಲದ ಬದು' ಎಂದು.

ಬಸ್ ನಿಲ್ದಾಣದಿಂದ ತಾಯಿಗೆ ಫೋನ್ ಮಾಡಿದಾಗ ಸುಜಾತಾ ಸ್ಪೀಕರ್ ಹಾಕಿದಳು. ಮಗಳು ಹೇಳಿದ್ದನ್ನೆಲ್ಲ ಕೇಳಿ ಶಾಂತಾಬಾಯಿ, "ಅಂಬಲಿ ಈ ಸಲ ಚಲೋ ಹುಳಿ ಬಂದಿತ್ತಲ್ಲ, ಅದಕ್ಕ" ಎಂದಳು. ಅವಳ ಪಾಲಿಗೆ ಲೆಕ್ಕ ಅಷ್ಟಕ್ಕೇ ಮುಗಿದಿತ್ತು.

ನಾನು ಈಗಲೂ ಟಚಿಂಗ್ ಮಾಡುತ್ತೇನೆ. ಅದು ನನ್ನ ಅನ್ನ. ಮ್ಯಾಕ್ರೋ ಲೆನ್ಸ್ ಹಿಡಿದು ತಿಂಗಳಿಗೆ ಒಂದೆರಡು ಭಾನುವಾರ ಸುಜಾತಾಳ ಜೊತೆ ಬದು ಸುತ್ತುತ್ತೇನೆ, ಅದು ನನ್ನ ಖುಷಿ. ಎಫ್ 11, ಬಟರ್ ಪೇಪರು, ಸರಿಸಮ ನಿಲ್ಲುವುದು ಇವನ್ನೆಲ್ಲ ಯಾರಾದರೂ ಒಂದು ವಾರದಲ್ಲಿ ಕಲಿಯಬಹುದು. ನನಗೆ ಇಪ್ಪತ್ತಮೂರು ವರ್ಷ ಹಿಡಿದ ಪಾಠ ಬೇರೆ. ಫೋಟೋದಲ್ಲಿ ಯಾವುದನ್ನು ಅಳಿಸಬೇಕು ಅನ್ನಿಸುತ್ತದೋ, ಮೊದಲು ಅದರ ಹೆಸರು ಕೇಳಬೇಕು. ಹೆಸರು ಹೇಳಲು ಒಬ್ಬರಾದರೂ ಇದ್ದರೆ ಅದು ಕಲೆ ಅಲ್ಲ, ಕೈ ತೆಗೆಯಬೇಕು.